ಕೆಂಪು ಕಾಣದ ಕಣ್ಣು: ಬಲ್ಮಠದ ಹಳೇ ಫೋಟೋ, ತೋಟದ ತುಡುವೆ ಜೇನು

ನಿಮ್ಮ ಮನೆಯಲ್ಲಿ ಮುತ್ತಜ್ಜಿ ಕಾಲದ ಫೋಟೋ ಉಂಟಾ? ಇದ್ದರೆ ಗೋಡೆಯಿಂದ ಇಳಿಸಿ ಹತ್ತಿರದಿಂದ ನೋಡಿ. ಹಣೆಯ ಕುಂಕುಮ ಹೇಗೆ ಕಾಣುತ್ತೆ? ಕಾಡಿಗೆಯಷ್ಟು ಕಪ್ಪು. ಸೀರೆಗೆ ಕೆಂಪು ಅಂಚಿದ್ದರೆ ಅದೂ ಕಪ್ಪೇ. ಕಪ್ಪು-ಬಿಳುಪು ಫೋಟೋದಲ್ಲಿ ಕೆಂಪು ಇನ್ನು ಹೇಗೆ ಬರಬೇಕು ಅಂತ ನೀವು ಕೇಳಬಹುದು. ಬೂದು ಬಣ್ಣವಾಗಿ ಬರಬಹುದಿತ್ತು. ನಮ್ಮ ಕಣ್ಣಿಗೆ ಕುಂಕುಮ ಕಾಡಿಗೆಯಷ್ಟು ಕತ್ತಲೆಯಾಗಿ ಎಂದೂ ಕಂಡಿಲ್ಲ. ಆದರೆ ಆ ಕಾಲದ ಗಾಜಿನ ಪ್ಲೇಟಿಗೆ, ಆಮೇಲೆ ಬಂದ ಎಷ್ಟೋ ಫಿಲ್ಮುಗಳಿಗೆ ಕೆಂಪು ಬೆಳಕು ತಾಗಿದರೂ ಏನೂ ಆಗುತ್ತಿರಲಿಲ್ಲ. ಕೆಂಪು ಅಂದರೆ ಅವಕ್ಕೆ ಕತ್ತಲೆ.

ಇನ್ನೊಂದು ಸಂಗತಿ ಕೇಳಿ. ಮಂಗಳೂರಿನ ಬಲ್ಮಠದ ಯಾವುದೋ ಮನೆಯ ಹಿತ್ತಲಲ್ಲಿ ತುಂಬೆ ಹೂವಿನ ಮೇಲೆ ಕೂತಿರುವ ತುಡುವೆ ಜೇನಿಗೂ ಕೆಂಪು ಕಾಣುವುದಿಲ್ಲ. ನಮಗೆ ಕಾಣದ ನೇರಳಾತೀತ ಬೆಳಕು ಅದಕ್ಕೆ ಕಾಣುತ್ತದೆ. ಹಳೇ ಪ್ಲೇಟಿಗೂ ಕಾಣುತ್ತಿತ್ತು.

ಅಂದರೆ, ಮಂಗಳೂರಿನ ಮೊದಮೊದಲ ಫೋಟೋಗಳನ್ನು ತೆಗೆದ ಕ್ಯಾಮೆರಾ ಯಾವ ಬೆಳಕನ್ನು ಹಿಡಿಯುತ್ತಿತ್ತು ಅಂತ ನೋಡಿದರೆ, ಅದು ಮನುಷ್ಯನ ಕಣ್ಣಿಗಿಂತ ಜೇನಿನ ಕಣ್ಣಿಗೆ ಹತ್ತಿರ! ಇದು ಗೊತ್ತಾದ ಮೇಲೆ ಹಳೇ ಫೋಟೋಗಳನ್ನು ಮೊದಲಿನ ಹಾಗೆ ನೋಡುವುದು ನನ್ನಿಂದ ಆಗಿಲ್ಲ. ಇವತ್ತಿನ ಇಡೀ ಕಥೆ ಇದರ ಸುತ್ತಲೇ.

ಬಲ್ಮಠದಿಂದಲೇ ಶುರು ಮಾಡೋಣ. ಇದು ಗುಡ್ಡೆಯ ಊರು. ನೆಲ ಕೆಂಪು, ಪಾಗಾರದ ಮುರಕಲ್ಲು ಕೆಂಪು, ಮಾಡಿನ ಹೆಂಚು ಕೆಂಪು. ಎಲ್ಲದಕ್ಕೂ ಕಾರಣ ಒಂದೇ, ಮಣ್ಣಿನಲ್ಲಿರುವ ಕಬ್ಬಿಣ. 1834ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದರು, ಆಮೇಲೆ ಬಲ್ಮಠದಲ್ಲಿ ನೆಲೆ ಮಾಡಿಕೊಂಡರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದರು. ಹೆರ್ಮನ್ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತಂದರು, ಕನ್ನಡದ ಮೊದಲ ಪತ್ರಿಕೆ. ಆಮೇಲೆ ನೇಯ್ಗೆ, ಹೆಂಚು. ಇದೆಲ್ಲ ನೀವು ಶಾಲೆಯಲ್ಲೇ ಓದಿದ್ದೀರಿ, ನಾನು ನಿಲ್ಲುವುದಿಲ್ಲ. ನಮಗೆ ಬೇಕಾದ್ದು ಇಷ್ಟು: ಈ ಮಿಷನ್‌ನವರು ಫೋಟೋ ತೆಗೆದರು, ತೆಗೆಸಿದರು. ಅವರಲ್ಲಿ ಹೆಚ್ಚಿನವರು ಕಸುಬಿನ ಫೋಟೋಗ್ರಾಫರ್‌ಗಳಲ್ಲ. ಪಾಠ, ಪ್ರಸಂಗ, ಔಷಧಿ, ಲೆಕ್ಕಪತ್ರದ ನಡುವೆ ಕ್ಯಾಮೆರಾ ಹಿಡಿದವರು. ಕಟ್ಟಡ, ಬೀದಿ, ಕೆಲಸಗಾರರು, ಮಕ್ಕಳು, ಮರ, ಹೊಳೆ. ಇವತ್ತು ನಾವು ನೀವು ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಹೊರಟರೆ ಏನು ತೆಗೆಯುತ್ತೇವೋ ಅದನ್ನೇ. ಆ ಫೋಟೋಗಳ ದೊಡ್ಡ ಸಂಗ್ರಹ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ.

ಅಂಥ ಒಂದು ಫೋಟೋವನ್ನು ಮನಸ್ಸಿಗೆ ತಂದುಕೊಳ್ಳಿ. ಆಕಾಶ ಬೋಳು ಬಿಳಿ. ನೆಲ ಮಸಿ. ಮಾಡು ಮಸಿ. ನೋಡಿದವರಿಗೆ ಏನನ್ನಿಸುತ್ತದೆ? ಮಂಕಾದ, ನೆರಳು ತುಂಬಿದ ಊರು ಅಂತ. ಸುಡುಬಿಸಿಲಿಗೆ ಕೆಂಪಗೆ ಹೊಳೆಯುವ ಈ ಗುಡ್ಡೆ ಹಾಗೆ ಇದ್ದದ್ದೇ ಇಲ್ಲ ಮಾರಾಯ್ರೆ!

ಕಾರಣ ರಸಾಯನಶಾಸ್ತ್ರದ್ದು. ಪ್ಲೇಟಿನ ಮೇಲೆ ಹಚ್ಚುತ್ತಿದ್ದದ್ದು ಬೆಳ್ಳಿಯ ಲವಣ. ಅದನ್ನು ಬದಲಾಯಿಸಲು ಬೆಳಕಿಗೆ ಶಕ್ತಿ ಬೇಕು. ನೀಲಿಗೆ, ನೇರಳೆಗೆ, ನೇರಳಾತೀತಕ್ಕೆ ಆ ಶಕ್ತಿ ಉಂಟು. ಹಸಿರಿಗೆ ಕಡಿಮೆ, ಕೆಂಪಿಗೆ ಇಲ್ಲ. ಕ್ಯಾಮೆರಾದ ಗಾಜಿನ ಲೆನ್ಸು ನೇರಳಾತೀತವನ್ನು ಒಂದಿಷ್ಟು ತಡೆದರೂ ಉಳಿದದ್ದು ಒಳಗೆ ಬರುತ್ತದೆ. ನೀಲಿ ಆಕಾಶದಿಂದ ಬೆಳಕು ಧಾರಾಳವಾಗಿ ಸುರಿಯುತ್ತಿತ್ತು, ಪ್ಲೇಟು ಅಲ್ಲಿ ಸುಟ್ಟು ಹೋಗುತ್ತಿತ್ತು. ಮುರಕಲ್ಲಿನಿಂದ ಬಂದ ಕೆಂಪು ಬೆಳಕು ಪ್ಲೇಟನ್ನು ಮುಟ್ಟಿಯೂ ಗುರುತು ಬಿಡದೆ ಹೋಗುತ್ತಿತ್ತು.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ನಮ್ಮ ಜನರ ಚರ್ಮದ ಕಂದು ಬಣ್ಣದಲ್ಲಿ ಕೆಂಪಿನ ಪಾಲು ದೊಡ್ಡದು. ಆ ಪಾಲನ್ನು ಪ್ಲೇಟು ಕಾಣಲಿಲ್ಲ. ಹಾಗಾಗಿ ಆ ಕಾಲದ ಫೋಟೋಗಳಲ್ಲಿ ನಮ್ಮ ಹಿರಿಯರ ಮುಖ ಇದ್ದದ್ದಕ್ಕಿಂತ ಕಪ್ಪಾಗಿ, ಭಾವ ತಿಳಿಯದಷ್ಟು ಗಾಢವಾಗಿ ಬಂದಿದೆ. ಅದೇ ಫೋಟೋಗಳನ್ನು ಯುರೋಪಿನಲ್ಲಿ 'ಇವರು ಹೀಗಿದ್ದಾರೆ' ಅಂತ ತೋರಿಸಿದರು, ನೋಡಿದವರು ನಂಬಿದರು. ಪ್ಲೇಟಿನ ಕುರುಡನ್ನು ಜನರ ಮುಖದ ಮೇಲೆ ಹೊರಿಸಿದ್ದು ದೊಡ್ಡ ಅನ್ಯಾಯ ಅಂತ ನಾನು ನಂಬಿದ್ದೇನೆ.

ಈಗ ಆಕಾಶಕ್ಕೆ ಬರೋಣ, ಯಾಕೆಂದರೆ ಪ್ರಕೃತಿ ದೃಶ್ಯ ತೆಗೆಯುವವರಿಗೆ ಅದು ದೊಡ್ಡ ತಲೆನೋವಾಗಿತ್ತು. ನೆಲ ಸರಿಯಾಗಿ ಬರುವಷ್ಟು ಹೊತ್ತು ಪ್ಲೇಟನ್ನು ಬೆಳಕಿಗೆ ತೆರೆದರೆ ಮೋಡ ಮಾಯ. ಮೋಡಕ್ಕೆ ಸರಿಹೊಂದಿಸಿದರೆ ನೆಲ ಮಾಯ. ಆಟಿ ತಿಂಗಳಲ್ಲಿ ಕಡಲ ಕಡೆಯಿಂದ ಏರಿ ಬರುವ ಮೋಡದ ರಾಶಿ ಮಂಗಳೂರಿನ ಅತಿ ದೊಡ್ಡ ದೃಶ್ಯ ಅಲ್ವಾ? ಅದೂ ನೆಲವೂ ಒಂದೇ ಪ್ಲೇಟಿನಲ್ಲಿ ಸಿಗುವುದು ಬಹಳ ಕಷ್ಟವಾಗಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಇದಕ್ಕೊಂದು ಉಪಾಯ ಹೂಡಿದ. ಕಡಲಿಗೆ ಒಂದು ನೆಗೆಟಿವ್, ಆಕಾಶಕ್ಕೆ ಇನ್ನೊಂದು, ಎರಡನ್ನೂ ಒಂದೇ ಕಾಗದದ ಮೇಲೆ ಜೋಡಿಸಿ ಮುದ್ರಿಸಿದ. ಜನ ಬೆರಗಾದರು. ಸೊಗಸು ಏನೆಂದರೆ, ಚೆನ್ನಾಗಿ ಬಂದ ಆಕಾಶವನ್ನು ಅವನು ಬೇರೆ ಬೇರೆ ಕಡಲಿಗೆ ಮತ್ತೆ ಮತ್ತೆ ಬಳಸಿದ. ಫೋಟೋ ಬೇರೆ, ಅಲೆ ಬೇರೆ, ಮೋಡ ಮಾತ್ರ ಅದೇ! ಅವನನ್ನು ನೋಡಿ ಉಳಿದವರೂ ಮೋಡದ ನೆಗೆಟಿವ್‌ಗಳನ್ನು ಕೂಡಿಡಲು ಶುರು ಮಾಡಿದರು. ಇವತ್ತು ಫೋನಿನಲ್ಲಿ ಆಕಾಶ ಬದಲಾಯಿಸುವವರನ್ನು ಕಂಡು ಸಿಟ್ಟಾಗುವವರು ಇದನ್ನು ತಿಳಿದಿರಬೇಕು. ಆ ಚಾಳಿಗೆ ಹೆಚ್ಚುಕಡಿಮೆ ಫೋಟೋಗ್ರಫಿಯಷ್ಟೇ ವಯಸ್ಸು.

ಹಾಗಾದರೆ ಪ್ಲೇಟಿಗೆ ಬೇರೆ ಬಣ್ಣ ಕಾಣುವಂತೆ ಮಾಡಿದ್ದು ಯಾರು? ಬರ್ಲಿನ್ನಿನ ಹೆರ್ಮನ್ ವಿಲ್ಹೆಲ್ಮ್ ಫೋಗೆಲ್, 1873ರಲ್ಲಿ. ಅದೂ ಹುಡುಕಿ ಸಿಕ್ಕಿದ್ದಲ್ಲ. ಇಂಗ್ಲೆಂಡಿನಿಂದ ತರಿಸಿದ ಪ್ಲೇಟುಗಳನ್ನು ಅವನು ಪರೀಕ್ಷೆ ಮಾಡುತ್ತಿದ್ದ. ಒಂದು ಬಗೆಯ ಪ್ಲೇಟು ಹಸಿರಿಗೆ ಸ್ಪಂದಿಸಿತು, ನೀಲಿಗಿಂತಲೂ ಚೆನ್ನಾಗಿ. ಸಾಧ್ಯವೇ ಇಲ್ಲದ ಮಾತು! ನೋಡಿದರೆ ತಯಾರಿಸಿದವರು ಅದಕ್ಕೆ ಒಂದು ಬಣ್ಣ ಬೆರೆಸಿದ್ದರು. ಗಾಜಿನೊಳಗೆ ಬೆಳಕು ಚದುರಿ ಚಿತ್ರ ಮಸುಕಾಗಬಾರದು ಅಂತ, ಅಷ್ಟಕ್ಕೇ. ಫೋಗೆಲ್ ಆಲ್ಕೋಹಾಲ್ ಹಾಕಿ ಆ ಬಣ್ಣ ತೊಳೆದ. ಹಸಿರು ಕಾಣುವ ಶಕ್ತಿಯೂ ತೊಳೆದು ಹೋಯಿತು. ಅಂದರೆ ಸರಿಯಾದ ಬಣ್ಣ ಬೆರೆಸಿದರೆ ಬೆಳ್ಳಿಯ ಲವಣಕ್ಕೆ ಹೊಸ ಕಣ್ಣು ಬರುತ್ತದೆ!

ಹೇಳಿದರೆ ನಂಬುವವರು ಬೇಕಲ್ಲ. ಅಮೆರಿಕದ ಕೇರಿ ಲೀ ಅಂಥವರು ಒಪ್ಪಲಿಲ್ಲ, ವಾದವೇ ನಡೆಯಿತು. ಮರುವರ್ಷ ಪ್ಯಾರಿಸಿನ ಎಡ್ಮಂಡ್ ಬೆಕರೆಲ್ ಎಲೆಯ ಹರಿತ್ತನ್ನೇ ಬಣ್ಣವಾಗಿ ಬಳಸಿ ಫೋಗೆಲ್ ಹೇಳಿದ್ದು ನಿಜ ಅಂತ ತೋರಿಸಿದ. ಮುಂದಿನ ದಶಕದಲ್ಲಿ ಹಸಿರನ್ನೂ ಕಾಣುವ ಪ್ಲೇಟು ಅಂಗಡಿಗೆ ಬಂತು, ಆರ್ಥೋಕ್ರೊಮ್ಯಾಟಿಕ್ ಅಂತ ಹೆಸರು. ಅದಕ್ಕೆ ನೇರಳಾತೀತ ಕಾಣುತ್ತದೆ, ನೀಲಿ ಕಾಣುತ್ತದೆ, ಹಸಿರು ಕಾಣುತ್ತದೆ, ಕೆಂಪು ಕಾಣುವುದಿಲ್ಲ.

ಈ ಪಟ್ಟಿಯನ್ನು ಇನ್ನೊಮ್ಮೆ ಕೇಳಿ: ನೇರಳಾತೀತ, ನೀಲಿ, ಹಸಿರು. ಜೇನಿನ ಕಣ್ಣಿನಲ್ಲಿರುವ ಮೂರು ಬಗೆಯ ಗ್ರಾಹಕಗಳು ಹಿಡಿಯುವುದು ಸರಿಯಾಗಿ ಇವನ್ನೇ. ಪ್ಲೇಟಿಗೆ ಬಣ್ಣ ಬಣ್ಣದ ನಡುವಿನ ವ್ಯತ್ಯಾಸ ತಿಳಿಯದು, ಜೇನಿಗೆ ತಿಳಿಯುತ್ತದೆ, ಅದು ಬೇರೆ ಮಾತು. ಆದರೆ ಯಾವ ಬೆಳಕಿಗೆ ಬಾಗಿಲು ತೆರೆದಿದೆ, ಯಾವುದಕ್ಕೆ ಮುಚ್ಚಿದೆ ಅಂತ ಕೇಳಿದರೆ ಎರಡರ ಉತ್ತರವೂ ಒಂದೇ.

ಈಗ ನಾನು ಕಲರ್ ಫೋಟೋ ಬಂದ ಕಥೆಗೆ ಹೋಗಬೇಕಿತ್ತು. ಹೋಗುವುದಿಲ್ಲ. ಜೇನಿಗೆ ಕೆಂಪು ಕಾಣುವುದಿಲ್ಲ ಅಂತ ಗೊತ್ತಾದದ್ದು ಹೇಗೆ ಎನ್ನುವಲ್ಲಿ ಒಂದು ಜಗಳ ಉಂಟು, ಅದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಹೆಸ್ ಅಂತ ಹೆಸರಾಂತ ಕಣ್ಣಿನ ತಜ್ಞ ಇದ್ದ. ಜೇನನ್ನು ಕತ್ತಲೆಯಲ್ಲಿಟ್ಟು ಬಣ್ಣದ ಬೆಳಕು ತೋರಿಸಿದ. ಯಾವ ಬಣ್ಣವಾದರೂ ಸರಿ, ಹೆಚ್ಚು ಪ್ರಖರವಾದ ಕಡೆಗೆ ಜೇನು ಓಡಿತು. ಹೆಸ್ ತೀರ್ಪು ಕೊಟ್ಟ: ಜೇನಿಗೆ ಬಣ್ಣ ಗೊತ್ತಿಲ್ಲ, ಮೀನಿಗೂ ಗೊತ್ತಿಲ್ಲ. ಇದನ್ನು ಒಪ್ಪದ ಯುವಕ ಕಾರ್ಲ್ ಫಾನ್ ಫ್ರಿಶ್, ಇನ್ನೂ ಮೂವತ್ತು ತುಂಬಿರಲಿಲ್ಲ. ಅವನ ತಕರಾರು ಬಹಳ ಸರಳ: ಜೇನಿಗೆ ಬಣ್ಣವೇ ಕಾಣದಿದ್ದರೆ ಹೂವುಗಳು ಯಾರಿಗಾಗಿ ಇಷ್ಟು ಬಣ್ಣ ಹೊತ್ತಿವೆ?

ಫ್ರಿಶ್ ಮೇಜಿನ ಮೇಲೆ ಬೂದು ಬಣ್ಣದ ಕಾಗದಗಳನ್ನು ಹರಡಿದ, ಬಿಳಿಯಿಂದ ಕಪ್ಪಿನ ತನಕ ಎಲ್ಲ ಛಾಯೆಗಳು. ನಡುವೆ ಒಂದು ನೀಲಿ ಕಾಗದ. ನೀಲಿಯ ಮೇಲೆ ಸಕ್ಕರೆ ನೀರು ಇಟ್ಟು ಜೇನುಗಳಿಗೆ ರೂಢಿ ಮಾಡಿಸಿದ. ಆಮೇಲೆ ಬಟ್ಟಲು ಖಾಲಿ ಮಾಡಿದ, ಕಾಗದಗಳ ಜಾಗ ಬದಲಾಯಿಸಿದ, ವಾಸನೆಯ ಅನುಮಾನ ಬೇಡ ಅಂತ ಗಾಜು ಮುಚ್ಚಿದ. ಜೇನುಗಳು ನೇರ ನೀಲಿಗೇ ಹೋಗಿ ಇಳಿದವು. ನೀಲಿಯಷ್ಟೇ ಪ್ರಖರವಾದ ಬೂದು ಪಕ್ಕದಲ್ಲೇ ಇದ್ದರೂ ಮೋಸ ಹೋಗಲಿಲ್ಲ. ಆಮೇಲೆ ಕೆಂಪು ಕಾಗದ ಇಟ್ಟ. ಈಗ ಜೇನುಗಳಿಗೆ ಗೊಂದಲ. ಕೆಂಪಿಗೂ ಹೋದವು, ಕಪ್ಪಿಗೂ ಹೋದವು, ಗಾಢ ಬೂದಿಗೂ ಹೋದವು. ನಿಮ್ಮ ಮುತ್ತಜ್ಜಿಯ ಫೋಟೋದ ಕುಂಕುಮದ ಕಥೆಯೇ ಇದು!

ನನಗೆ ಇಷ್ಟವಾಗುವುದು ಇಬ್ಬರ ಪ್ರಯೋಗವೂ ಸುಳ್ಳಲ್ಲ ಎಂಬುದು. ಸೆರೆಯಲ್ಲಿ ಸಿಕ್ಕ ಜೇನು ತಪ್ಪಿಸಿಕೊಳ್ಳಲು ನೋಡುತ್ತದೆ, ಆಗ ಅದಕ್ಕೆ ಬೇಕಾದ್ದು ಬೆಳಕು ಮಾತ್ರ. ಹೂ ಹುಡುಕುವ ಜೇನಿಗೆ ಬಣ್ಣ ಬೇಕು. ಹೆಸ್ ಹೆದರಿದ ಜೇನನ್ನು ಕೇಳಿದ, ಫ್ರಿಶ್ ಹಸಿದ ಜೇನನ್ನು ಕೇಳಿದ. ಹೆಸ್ ಕೊನೆಗೂ ಒಪ್ಪಲಿಲ್ಲ. ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು, ಫೋಗೆಲ್ ಪ್ಲೇಟು ತೊಳೆದು ಸರಿಯಾಗಿ ನೂರು ವರ್ಷಕ್ಕೆ.

ಇನ್ನೊಂದು ಹೋಲಿಕೆ ಉಂಟು, ಕೇಳಿದರೆ ಮೈ ಜುಂ ಅನ್ನುತ್ತದೆ. ಹಳೇ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬು ಯಾಕೆ ಉರಿಯುತ್ತಿತ್ತು? ಕಾಗದಕ್ಕೆ, ಪ್ಲೇಟಿಗೆ ಕೆಂಪು ಕಾಣುವುದಿಲ್ಲ, ಫೋಟೋಗ್ರಾಫರ್‌ಗೆ ಕಾಣುತ್ತದೆ. ಜೇನುಗೂಡಿನೊಳಗೆ ಏನು ನಡೆಯುತ್ತದೆ ಅಂತ ನೋಡುವ ವಿಜ್ಞಾನಿಗಳು ಯಾವ ದೀಪ ಬಳಸುತ್ತಾರೆ? ಕೆಂಪು ದೀಪ. ಜೇನುಗಳು ಕತ್ತಲೆ ಅಂತಲೇ ತಿಳಿದು ತಮ್ಮ ಕೆಲಸ ಮಾಡಿಕೊಂಡಿರುತ್ತವೆ.

ಈಗ ತೋಟಕ್ಕೆ ಇಳಿಯೋಣ. ಬಲ್ಮಠದ ಅಂಗಳಗಳಲ್ಲಿ ಕೆಂಪು ದಾಸವಾಳ ಉಂಟು, ಗುಡ್ಡೆಯಲ್ಲಿ ಕೇಪುಳ ಉಂಟು. ದಾಸವಾಳದ ಮೇಲೆ ಹೆಚ್ಚಾಗಿ ತೂಗುವುದು ಸೂರಕ್ಕಿ, ಕೇಪುಳಕ್ಕೆ ಬರುವುದು ಚಿಟ್ಟೆ. ಅವಕ್ಕೆ ಕೆಂಪು ಕಾಣುತ್ತದೆ. ಜೇನು ಕೆಂಪು ಹೂವಿಗೆ ಬರುವುದೇ ಇಲ್ಲ ಅಂತಲ್ಲ. ಕೆಲವು ಕೆಂಪು ಹೂಗಳು ನೇರಳಾತೀತವನ್ನೂ ಚಿಮ್ಮಿಸುತ್ತವೆ, ಜೇನು ಅದನ್ನು ಹಿಡಿದು ಬರುತ್ತದೆ. ಆದರೆ ಜೇನಿನ ಫೋಟೋ ಬೇಕೆಂದರೆ ತುಂಬೆಯ ಹತ್ತಿರ, ತೆಂಗಿನ ಹಿಂಗಾರದ ಹತ್ತಿರ ಕಾಯಿರಿ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹೋಗಿ, ಆಗ ಅವು ಸ್ವಲ್ಪ ನಿಧಾನ. ರೆಕ್ಕೆ ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ಬಡಿಯುತ್ತದೆ. ಶಟರ್ 1/2000 ಇಟ್ಟರೂ ರೆಕ್ಕೆ ಪೂರ್ತಿ ನಿಲ್ಲುವುದಿಲ್ಲ. ಮೊದಮೊದಲ ಪ್ಲೇಟಿಗೆ ಹಲವು ಸೆಕೆಂಡು ಬೇಕಿತ್ತು. ಹಾಗಾಗಿ ಆ ಕಾಲದ ತೋಟದ ಫೋಟೋಗಳಲ್ಲಿ ಜೇನು ಹಾರಾಡುತ್ತಿದ್ದರೂ ಗುರುತು ಬೀಳಲಿಲ್ಲ.

ನೇರಳಾತೀತದ ಮಾತು ಬಂತಲ್ಲ, ಸೂರ್ಯಕಾಂತಿಯನ್ನೇ ನೋಡಿ. ಅದರ ಎಸಳು ನಮಗೆ ಇಡೀ ಹಳದಿ. ನೇರಳಾತೀತ ಫೋಟೋದಲ್ಲಿ ತುದಿ ಬೆಳ್ಳಗೆ, ಬುಡ ಕಪ್ಪು, ನಡುವೆ ದೊಡ್ಡ ಗುರಿಯ ಹಾಗೆ. ಜೇನಿಗೆ ಬರೆದಿಟ್ಟ ದಾರಿ ಅದು. ಇವತ್ತಿನ ಡಿಜಿಟಲ್ ಕ್ಯಾಮೆರಾದ ಸೆನ್ಸರಿಗೂ ನೇರಳಾತೀತ ಒಂದಿಷ್ಟು ಕಾಣುತ್ತದೆ, ಕೆಂಪಿನ ಆಚೆಗಿನ ಅವಕೆಂಪು ಬೆಳಕು ಇನ್ನೂ ಚೆನ್ನಾಗಿ ಕಾಣುತ್ತದೆ. ಕಂಪನಿಯವರು ಸೆನ್ಸರಿನ ಮುಂದೆ ಫಿಲ್ಟರ್ ಕೂರಿಸಿ ಎರಡನ್ನೂ ತಡೆಯುತ್ತಾರೆ. ಮನುಷ್ಯನ ಕಣ್ಣಿನ ಹಾಗೆ ಕಾಣಬೇಕೆಂದರೆ ಕ್ಯಾಮೆರಾಕ್ಕೆ ಕಣ್ಣುಪಟ್ಟಿ ಕಟ್ಟಲೇಬೇಕು!

ನೀವೇ ಪರೀಕ್ಷೆ ಮಾಡಬಹುದು. ಮುರಕಲ್ಲಿನ ಪಾಗಾರದ ಒಂದು ಕಲರ್ ಫೋಟೋ ತೆಗೆಯಿರಿ. ಎಡಿಟಿಂಗ್ ಆ್ಯಪ್‌ನಲ್ಲಿ ಕಪ್ಪು-ಬಿಳುಪು ಮಾಡಿ, ಕೆಂಪಿನ ಪಾಲು ಸೊನ್ನೆಗೆ ಇಳಿಸಿ. ಆರ್ಥೋಕ್ರೊಮ್ಯಾಟಿಕ್ ಪ್ಲೇಟಿಗೆ ಕಂಡದ್ದು ಹೆಚ್ಚುಕಡಿಮೆ ಅದು. ಹಸಿರನ್ನೂ ಇಳಿಸಿ ನೀಲಿ ಮಾತ್ರ ಬಿಡಿ, ಫೋಗೆಲ್‌ಗಿಂತ ಮೊದಲಿನ ಪ್ಲೇಟು.

ಇದನ್ನೆಲ್ಲ ಹೇಳಿದ್ದು ಒಂದು ಕೆಲಸ ಒಪ್ಪಿಸಲಿಕ್ಕೆ. ಈ ಊರಿನ ಮುಖ್ಯ ಬಣ್ಣ ಕೆಂಪು. ಮೊದಲ ಹಲವು ದಶಕಗಳ ಫೋಟೋಗಳಲ್ಲಿ ಆ ಬಣ್ಣದ ದಾಖಲೆಯೇ ಇಲ್ಲ. ನಮ್ಮ ಕೈಯ ಫೋನಿಗೆ ಅದು ಕಾಣುತ್ತದೆ, ಆದರೆ ಹೆಂಚಿನ ಮನೆಗಳು ಇಳಿಯುತ್ತಿವೆ, ಕಾಂಕ್ರೀಟು ಏರುತ್ತಿದೆ. ಜೇನಿನ ಕಥೆಯೂ ಇದಕ್ಕಿಂತ ಭದ್ರವಲ್ಲ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. ಯಾವ ಹಿತ್ತಲಲ್ಲಿ ಎಷ್ಟು ಜೇನಿತ್ತು, ಯಾವ ಹೂವಿಗೆ ಬರುತ್ತಿತ್ತು ಅಂತ ಆಗ ಯಾರಾದರೂ ಹವ್ಯಾಸಿಗಳು ಫೋಟೋ ತೆಗೆದು ಬರೆದಿಟ್ಟಿದ್ದರೆ ಇವತ್ತು ಅದಕ್ಕೆ ಚಿನ್ನದ ಬೆಲೆ.

ಹಾಗಾಗಿ ತೆಗೆಯಿರಿ. ಹೆಂಚು, ಪಾಗಾರ, ಬಾವಿಕಟ್ಟೆ, ತುಂಬೆಯ ಮೇಲಿನ ತುಡುವೆ. ಫಿಲ್ಟರ್ ಹಾಕದ ಒಂದು ಪ್ರತಿ ಇಟ್ಟುಕೊಳ್ಳಿ, ಬಣ್ಣ ಬಣ್ಣವಾಗಿಯೇ ಉಳಿಯಲಿ. ದಿನಾಂಕ, ಜಾಗ, ಹೂವಿನ ಹೆಸರು ಜೊತೆಗೆ ಬರೆಯಿರಿ. ನಿಮಗೆ ಸಿಕ್ಕಿದ ಕ್ಯಾಮೆರಾ ಮಿಷನ್‌ನವರಿಗೆ ಸಿಕ್ಕಿರಲಿಲ್ಲ.