ಹೊಗೆಯೇ ತೆರೆಯುವ ಬಾಗಿಲು



ಕಮ್ಮಾರನ ಕುಲುಮೆಯ ತಿದಿಯನ್ನು ಬಿಚ್ಚಿ ನೋಡಿದವರಿಗೆ ಅದರೊಳಗೆ ಒಂದು ತೊಗಲಿನ ತುಂಡು ಕಂಡಿರುತ್ತದೆ. ಗಾಳಿ ಒಳಬರುವ ರಂಧ್ರದ ಮೇಲೆ ಒಂದು ಅಂಚನ್ನು ಮಾತ್ರ ಹೊಲಿದು ಬಿಟ್ಟ ತುಂಡು ಅದು. ತಿದಿ ಹಿಗ್ಗಿದಾಗ ಹೊರಗಿನ ಗಾಳಿ ಅದನ್ನು ತಳ್ಳಿಕೊಂಡು ಒಳನುಗ್ಗುತ್ತದೆ. ಒತ್ತಿದಾಗ ಒಳಗಿನ ಗಾಳಿಯೇ ಅದನ್ನು ರಂಧ್ರಕ್ಕೆ ಅಮುಕಿ ಮುಚ್ಚುತ್ತದೆ. ತೆರೆಯಲು ಮುಚ್ಚಲು ಬೇರೊಂದು ಕೈ ಬೇಡ. ತೋಟದ ಪಂಪಿನ ಫುಟ್‌ವಾಲ್ವಿನದೂ ಇದೇ ರೀತಿ. ಹರಿಯುವ ವಸ್ತುವಿನ ಬಲದಿಂದಲೇ ತೆರೆದು ಮುಚ್ಚುವ ಇಂತಹ ಸಾಧನವನ್ನು ತಂತ್ರಜ್ಞರು ‘ನಿಷ್ಕ್ರಿಯ ಕವಾಟ’ ಎಂದು ಕರೆಯುತ್ತಾರೆ. ಹಗಲಿರುಳು ದುಡಿಯುವ ಭಾಗಕ್ಕೆ ಈ ಹೆಸರು ಅಷ್ಟೇನೂ ನ್ಯಾಯವಾದುದಲ್ಲ. ವಿದ್ಯುತ್ತಿನ ಮೋಟಾರು, ತಂತಿ, ಕಂಪ್ಯೂಟರುಗಳ ಆಜ್ಞೆಯಿಲ್ಲದೆ ಕೆಲಸ ಮಾಡುತ್ತದೆ ಎಂಬುದಷ್ಟೇ ಅದರ ಅರ್ಥ. ಈ ಹಳೆಯ ಉಪಾಯವು ವಾಹನಗಳ ಹೊಗೆಕೊಳವೆಯೊಳಗೆ ಹೇಗೆ ಸೇರಿಕೊಂಡಿತು, ಘಟ್ಟದ ರಸ್ತೆಯ ಬದಿಯಲ್ಲಿ ವಾಸಿಸುವವರಿಗೆ ಅದರಿಂದ ಏನಾಗುತ್ತದೆ ಎಂಬುದು ಇಂದಿನ ವಿಷಯ.

ಎಂಜಿನ್ನಿನಿಂದ ಹೊಗೆ ಒಂದೇ ಸಮನೆ ಹರಿದು ಬರುವುದಿಲ್ಲ, ತುಣುಕು ತುಣುಕಾಗಿ ಸಿಡಿದು ಬರುತ್ತದೆ. ನಾಲ್ಕು ಸಿಲಿಂಡರುಗಳ ಕಾರಿನ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 50 ಸಿಡಿತಗಳಾಗುತ್ತವೆ. ಕಿವಿಗೆ ಅದು ಗುಮ್ಮೆನ್ನುವ ತಗ್ಗು ಸ್ವರ. ಚುರುಕು ಸ್ವರಗಳನ್ನು ಹೀರುವುದು ಸುಲಭ; ಸೈಲೆನ್ಸರಿನೊಳಗೆ ತುಂಬಿದ ನಾರು ಆ ಕೆಲಸಕ್ಕೆ ಸಾಕು. ತಗ್ಗು ಸ್ವರ ಹಾಗಲ್ಲ. 400 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಗೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 520 ಮೀಟರ್ ಓಡುತ್ತದೆ. ಆದುದರಿಂದ ಈ ಗುಮ್ಮೆನ್ನುವ ಸ್ವರದ ಒಂದು ಅಲೆಯ ಉದ್ದವೇ ಹತ್ತು ಮೀಟರ್. ಅದನ್ನು ಅಡಗಿಸಲು ದೊಡ್ಡ ಡಬ್ಬಿ ಬೇಕು, ಇಲ್ಲವೇ ಕೊಳವೆಯನ್ನು ಕಿರಿದುಗೊಳಿಸಬೇಕು. ಕಾರಿನ ಕೆಳಗೆ ದೊಡ್ಡ ಡಬ್ಬಿಗೆ ಜಾಗವಿಲ್ಲ.

ಕಿರಿದುಗೊಳಿಸಿದರೆ ಬೇರೆ ತೊಂದರೆ. ಇಕ್ಕಟ್ಟಿನ ಮೂಲಕ ಹಾಯುವ ಹೊಗೆ ಎರಡರಷ್ಟಾದರೆ ಅದನ್ನು ನೂಕಲು ಬೇಕಾದ ಒತ್ತಡ ನಾಲ್ಕರಷ್ಟಾಗುತ್ತದೆ. ಹೊಗೆ ಹತ್ತರಷ್ಟಾದರೆ ಒತ್ತಡ ನೂರರಷ್ಟು. ನಿಂತಲ್ಲಿ ಉರಿಯುವಾಗ ಹಿತವಾಗಿದ್ದ ಇಕ್ಕಟ್ಟು, ಏರು ಹತ್ತುವಾಗ ಎಂಜಿನ್ನಿನ ಕುತ್ತಿಗೆ ಹಿಸುಕುತ್ತದೆ. ಹೊಗೆಯನ್ನು ಹೊರದಬ್ಬುವುದರಲ್ಲೇ ಶಕ್ತಿ ಸೋರಿ, ಇಂಧನ ವ್ಯರ್ಥವಾಗುತ್ತದೆ. ಹೊಗೆ ಕಡಿಮೆಯಿರುವಾಗ ಕಿರಿದಾಗಿಯೂ ಹೆಚ್ಚಿರುವಾಗ ಅಗಲವಾಗಿಯೂ ಇರುವ ಕೊಳವೆ ಬೇಕೆಂದಾಯಿತು. ಕೊಳವೆಯೊಳಗೆ ಅಚ್ಚಿನ ಮೇಲೆ ತಿರುಗುವ ಒಂದು ಉಕ್ಕಿನ ಬಿಲ್ಲೆಯನ್ನಿಟ್ಟು, ಅದನ್ನು ಸ್ಪ್ರಿಂಗಿನಿಂದ ಅದುಮಿ ಹಿಡಿಸಿದರೆ ಅಂತಹ ಕೊಳವೆ ಸಿದ್ಧ. ಕುಕ್ಕರಿನ ತೂಕವು ಹಬೆ ಬಲಿಯುವವರೆಗೆ ಕಾದು ಏಳುವಂತೆ, ಹೊಗೆಯ ಒತ್ತಡ ಬಲಿತಾಗ ಬಿಲ್ಲೆ ಸರಿಯುತ್ತದೆ.

ಹೇಳುವಾಗ ಇಷ್ಟು ಸರಳವಾದದ್ದು ಮಾಡುವಾಗ ಹಾಗಿರುವುದಿಲ್ಲ. ಬಿಲ್ಲೆ ತೆರೆದಂತೆಲ್ಲ ಸ್ಪ್ರಿಂಗ್ ಇನ್ನಷ್ಟು ಬಿಗಿದು ಹಿಂದಕ್ಕೆ ಎಳೆಯುತ್ತದೆ. ಇತ್ತ ಬಿಲ್ಲೆಯು ಹೊಗೆಯ ದಾರಿಗೆ ಸಮಾನಾಂತರವಾಗಿ ಮಲಗಿದಂತೆಲ್ಲ ಹೊಗೆಗೆ ಅದನ್ನು ತಳ್ಳುವ ಹಿಡಿತ ತಪ್ಪುತ್ತದೆ. ತಳ್ಳುವ ಬಲ ಕುಗ್ಗುತ್ತಿರುವಾಗಲೇ ತಡೆಯುವ ಬಲ ಹಿಗ್ಗುತ್ತದೆ. ಬಿಲ್ಲೆ ಅರ್ಧ ತೆರೆದು ಅಲ್ಲೇ ನಿಲ್ಲುತ್ತದೆ. ಏರಿನಲ್ಲಿ ಬೇಕಾದ ಅಗಲ ದೊರೆಯುವುದೇ ಇಲ್ಲ. ಇದಕ್ಕೆ ಕಂಡುಕೊಂಡ ಪರಿಹಾರವನ್ನು ಅರಿಯಲು ಬೈಕಿನ ಸ್ಟ್ಯಾಂಡನ್ನು ನೋಡಿದರೆ ಸಾಕು. ಸ್ಟ್ಯಾಂಡಿನ ಸ್ಪ್ರಿಂಗ್ ಮೊದಲು ಎದುರಿಸುತ್ತದೆ. ಕಾಲಿನಿಂದ ಒಂದು ಹಂತದವರೆಗೆ ತಳ್ಳಿದ ಮೇಲೆ ಅದರ ಎದುರಾಟ ಕರಗಿ ಸ್ಟ್ಯಾಂಡು ತಾನಾಗಿ ಆಚೆ ಹೋಗುತ್ತದೆ. ಸ್ಪ್ರಿಂಗಿನ ಬಲ ಕಡಿಮೆಯಾದುದರಿಂದಲ್ಲ, ಅದು ಎಳೆಯುವ ಗೆರೆ ತಿರುಗುವ ಬಿಂದುವಿಗೆ ಹತ್ತಿರವಾದುದರಿಂದ, ಸನ್ನೆಕೋಲು ಗಿಡ್ಡವಾದುದರಿಂದ. ಹೊಗೆಕವಾಟದಲ್ಲೂ ಸ್ಪ್ರಿಂಗನ್ನು ಹೀಗೆಯೇ ಕೊಕ್ಕೆ ಹಾಕಿದರೆ ಬಿಲ್ಲೆ ಒಮ್ಮೆ ಅಲುಗಿದ ಮೇಲೆ ಥಟ್ಟನೆ ಪೂರ್ತಿ ತೆರೆಯುತ್ತದೆ. ಅಮೆರಿಕದ ಟೆನೆಕೊ ಸಂಸ್ಥೆಯು 2008ರಲ್ಲಿ ಇಂತಹ ಥಟ್ಟನೆ ತೆರೆಯುವ ಕವಾಟಕ್ಕೆ ಪೇಟೆಂಟ್ ಪಡೆಯಿತು. ಆದರೆ ಸ್ಟ್ಯಾಂಡಿನಂತೆ ಬಿಂದುವನ್ನು ದಾಟಿಯೇ ಬಿಡುವಂತಿಲ್ಲ. ದಾಟಿದರೆ ಹೊಗೆ ತಗ್ಗಿದಾಗ ಬಿಲ್ಲೆ ಹಿಂದಿರುಗಿ ಮುಚ್ಚಲಾರದು.

ಇನ್ನು ಬಿಸಿ, ಕಂಪನ, ನೀರು. ಕೆಂಪಗೆ ಕಾಯ್ದ ಸ್ಪ್ರಿಂಗ್ ತನ್ನ ಬಿಗುವನ್ನು ಮರೆಯುತ್ತದೆ. ಆದುದರಿಂದ ಅದನ್ನು ಕೊಳವೆಯ ಹೊರಗೆ, ಅಚ್ಚಿನ ತುದಿಗೆ ಜೋಡಿಸುತ್ತಾರೆ. ಸಿಡಿದು ಬರುವ ಹೊಗೆಗೆ ಬಿಲ್ಲೆ ಪಟಪಟನೆ ಬಡಿದುಕೊಂಡರೆ ಶಬ್ದ ತಗ್ಗಿಸಬೇಕಾದುದೇ ಶಬ್ದಕ್ಕೆ ಮೂಲವಾದೀತು. ಅದಕ್ಕಾಗಿ ಬಿಲ್ಲೆ ತಾಗುವಲ್ಲಿ ತಂತಿಬಲೆಯ ಮೆತ್ತೆ. ಅನೇಕರಿಗೆ ಅಚ್ಚರಿ ತರುವುದು ನೀರಿನ ಸಂಗತಿ: ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹಬೆಯಾಗಿ ಹುಟ್ಟುತ್ತದೆ. ಮನೆಯಿಂದ ಡೇರಿಯವರೆಗೆ ಹೋಗಿ ಮರಳುವ ವಾಹನದ ಸೈಲೆನ್ಸರು ಕಾಯುವುದೇ ಇಲ್ಲ. ಹಬೆ ಒಳಗೇ ತಣಿದು ನಿಲ್ಲುತ್ತದೆ, ಮಸಿ ಕಲಸಿಕೊಂಡು ಅಚ್ಚನ್ನು ಕಚ್ಚಿಸುತ್ತದೆ. ಆರು ತಿಂಗಳು ಮಳೆ ನೋಡುವ ಊರಿನಲ್ಲಿ ತುಕ್ಕಿನ ಮಾತು ಹೇಳಬೇಕಾಗಿಯೇ ಇಲ್ಲ. ಬಿಲ್ಲೆ ಮುಚ್ಚಿದಾಗಲೂ ಅಂಚಿನಲ್ಲಿ ಸಂದು ಉಳಿಸಿರುತ್ತಾರೆ. ಅಚ್ಚು ಕಚ್ಚಿಕೊಂಡರೂ ಎಂಜಿನ್ ಉಸಿರುಗಟ್ಟಿ ನಿಲ್ಲಬಾರದು.

ಈ ಬಿಲ್ಲೆಯ ಕವಾಟ ಬಹುಮಟ್ಟಿಗೆ ದೊಡ್ಡ ಕಾರುಗಳ ಪಾಲಿನದು. ಊರಿನ ಅಂಗಳಗಳಲ್ಲಿ ನಿಂತಿರುವ ಅನೇಕ ಬೈಕುಗಳಲ್ಲಿ ಇನ್ನೊಂದು ಬಗೆಯಿದೆ, ಮತ್ತು ತಿದಿಯ ತೊಗಲಿಗೆ ಅದೇ ಹೆಚ್ಚು ಹತ್ತಿರದ ನೆಂಟ. ಎಂಜಿನ್ನಿನ ಹೊಗೆದ್ವಾರಕ್ಕೆ ಒಂದು ಸಣ್ಣ ಕೊಳವೆ ಬಂದು ಸೇರುತ್ತದೆ. ಅದರಲ್ಲಿ ತೆಳು ಉಕ್ಕಿನ ನಾಲಗೆಯೊಂದು ಕುಳಿತಿರುತ್ತದೆ. ಹಳೆಯ ಆರ್‌ಎಕ್ಸ್ 100 ಬಿಚ್ಚಿದವರು ಕಾರ್ಬುರೇಟರಿನ ಬಳಿ ಇಂತಹುದೇ ನಾಲಗೆಯನ್ನು ಕಂಡಿರುತ್ತಾರೆ. ಹೊಗೆಯ ಪ್ರತಿಯೊಂದು ತುಣುಕು ಹಾದುಹೋದ ಬೆನ್ನಿಗೆ ಅಲ್ಲಿ ಕ್ಷಣಕಾಲ ಒತ್ತಡ ಹೊರಗಿನ ಗಾಳಿಗಿಂತಲೂ ಕೆಳಗಿಳಿಯುತ್ತದೆ. ಆ ಕ್ಷಣ ನಾಲಗೆ ತೆರೆದು ಒಂದು ಗುಟುಕು ಶುದ್ಧ ಗಾಳಿ ಒಳಹೋಗುತ್ತದೆ. ಮುಂದಿನ ತುಣುಕು ಬರುತ್ತಲೇ ನಾಲಗೆ ಮುಚ್ಚುತ್ತದೆ. ಒಳಹೋದ ಆಮ್ಲಜನಕವು ಅರೆಬೆಂದ ಇಂಧನವನ್ನೂ ಕಾರ್ಬನ್ ಮೊನಾಕ್ಸೈಡನ್ನೂ ಸುಡುತ್ತದೆ. ಈ ಅನಿಲವು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ.

ಘಟ್ಟ ಇಳಿಯುವಾಗ ಮಾತ್ರ ಈ ಏರ್ಪಾಟಿಗೆ ಒಂದು ಅಪಾಯ ಕಾದಿರುತ್ತದೆ. ಆಗುಂಬೆಯ ತಿರುವಿನಲ್ಲಿ ಸವಾರ ಆಕ್ಸಿಲರೇಟರನ್ನು ಥಟ್ಟನೆ ಬಿಟ್ಟು ಗೇರಿನಲ್ಲೇ ಇಳಿಯುತ್ತಾನೆ. ಆಗ ಸುಡದ ಇಂಧನ ಹೊಗೆಕೊಳವೆಗೆ ಬರುತ್ತದೆ. ಅಲ್ಲಿ ಗಾಳಿಯೂ ಸೇರಿದರೆ ಸೈಲೆನ್ಸರಿನೊಳಗೇ ಪಟ್ ಪಟ್ ಎಂದು ಸಿಡಿಯುತ್ತದೆ. ಇದನ್ನು ತಪ್ಪಿಸಲು ಹಲವು ಬೈಕುಗಳಲ್ಲಿ ಎರಡನೆಯ ನಿಷ್ಕ್ರಿಯ ಕವಾಟವಿದೆ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿನ ಒಳಹಾದಿಯಲ್ಲಿ ಹುಟ್ಟುವ ಹೀರುಬಲವೇ ಒಂದು ರಬ್ಬರಿನ ಪೊರೆಯನ್ನೆಳೆದು ಗಾಳಿಯ ದಾರಿಯನ್ನು ಮುಚ್ಚುತ್ತದೆ. ಕೆಲವು ಹೊಸ ಬೈಕುಗಳಲ್ಲಿ ಆ ಕೆಲಸ ವಿದ್ಯುತ್ ಕವಾಟಕ್ಕೆ ಹೋಗಿದೆ. ರಬ್ಬರು ಹರಿಯುತ್ತದೆ, ಹೀರುಕೊಳವೆ ಬಿರಿಯುತ್ತದೆ. ಇಳಿಜಾರಿನಲ್ಲಿ ಪಟಪಟ ಶುರುವಾಗುತ್ತದೆ. ಸವಾರ ಮೆಕ್ಯಾನಿಕ್ಕಿನ ಬಳಿ ಹೋಗುತ್ತಾನೆ. ಅನೇಕ ಕಡೆ ಆತ ಮಾಡುವ ಚಿಕಿತ್ಸೆ ಗಾಳಿಯ ಕೊಳವೆಗೇ ಬಿರಡೆ ಜಡಿಯುವುದು. ಶಬ್ದ ನಿಲ್ಲುತ್ತದೆ, ಬೈಕು ಎಂದಿನಂತೆ ಓಡುತ್ತದೆ, ಸವಾರನಿಗೂ ಸಂತೋಷ. ಅಂದಿನಿಂದ ಸುಡಬೇಕಾಗಿದ್ದ ವಿಷ ಸುಡದೆ ಹೊರಬರುತ್ತಿರುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿವಿಯ ದೂರನ್ನು ತೀರಿಸಲು ಶ್ವಾಸಕೋಶದ ಪಾಲನ್ನು ಕೊಟ್ಟಂತಾಯಿತು. ಬೇಕಾಗಿದ್ದುದು ಒಂದು ಪೊರೆ ಅಥವಾ ಒಂದು ತುಂಡು ರಬ್ಬರ್ ಕೊಳವೆ.

ಇದರ ಪಕ್ಕದಲ್ಲೇ ಸೈಲೆನ್ಸರನ್ನೇ ಕಿತ್ತು ಖಾಲಿ ಕೊಳವೆ ಹಾಕಿಕೊಂಡು ಮುಳ್ಳಯ್ಯನಗಿರಿಯ ಕಡೆಗೋ ಚಾರ್ಮಾಡಿಯ ಕಡೆಗೋ ಹೊರಡುವವರಿದ್ದಾರೆ. ಅವರಿಗೆ ಕವಾಟದ ಮಾತೇ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ಇರುಳು 45 ಡೆಸಿಬೆಲ್ ಮಿತಿಯನ್ನು ಹೇಳುತ್ತವೆ. ಮೋಟಾರು ವಾಹನ ಕಾಯ್ದೆಯ 190ನೆಯ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಶಬ್ದ ಮತ್ತು ವಾಯುಮಾಲಿನ್ಯದ ಮಾನಕಗಳನ್ನು ಮೀರಿದ ವಾಹನ ಓಡಿಸಿದವರಿಗೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು.

ಆದರೆ ನಿಯಮ ಪಾಲಿಸುವ ಕಾರಿನ ವಿಷಯದಲ್ಲೂ ಒಂದು ಮಾತನ್ನು ಮುಚ್ಚಿಡಬಾರದು. ವಾಹನದ ಶಬ್ದವನ್ನು ಅಳೆಯುವುದು ಸಮತಟ್ಟಾದ ಪರೀಕ್ಷಾರಸ್ತೆಯಲ್ಲಿ. ಬಿಲ್ಲೆಯ ಸ್ಪ್ರಿಂಗನ್ನು ಹೊಂದಿಸುವವರ ಕಣ್ಣಮುಂದಿರುವುದು ಊರೊಳಗಿನ ನಿಧಾನದ ಓಟ ಮತ್ತು ಹೆದ್ದಾರಿಯ ಹಾಯಾದ ಪಯಣ. ಎರಡನೆಯ ಗೇರಿನಲ್ಲಿ, ತುಂಬಿದ ಹೊರೆಯೊಡನೆ, ಘಟ್ಟದ ತಿರುವನ್ನು ಏರುವಾಗ ಹೊಗೆ ಹೆಚ್ಚುತ್ತದೆ, ಬಿಲ್ಲೆ ತೆರೆಯುತ್ತದೆ. ಅದು ಹಾಗೆ ತೆರೆಯಲೆಂದೇ ಇರುವುದು. ನಗರದ ಕಿವಿಗೆ ದೊರೆತ ಮೌನ ತಿರುವಿನ ಪಕ್ಕದ ಮನೆಗೆ ದೊರೆಯುವುದಿಲ್ಲ.

ಮನೆಯ ಬೈಕಿನಲ್ಲಿ ಇಂತಹ ಗಾಳಿಯ ಕೊಳವೆಯಿದ್ದರೆ ನಾಲಗೆ ನೆಟ್ಟಗಿದೆಯೇ ಎಂದು ನೋಡಲು ಉಪಕರಣ ಬೇಕಾಗಿಲ್ಲ. ಅಂಗಳದಲ್ಲಿ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಕೊಳವೆಯ ಏರ್‌ಫಿಲ್ಟರ್ ಕಡೆಯ ತುದಿಯನ್ನು ಬಿಡಿಸಿ, ಬಿಸಿ ಭಾಗಗಳಿಂದ ಕೈ ದೂರವಿಟ್ಟು, ಬಾಯಿಗೆ ಒಂದು ತೆಳು ಕಾಗದದ ಚೂರನ್ನು ಹಿಡಿಯಬೇಕು. ಕಾಗದ ಮಿಡಿಯುತ್ತ ಒಳಕ್ಕೆ ಎಳೆಯಲ್ಪಟ್ಟರೆ ನಾಲಗೆ ಕೆಲಸ ಮಾಡುತ್ತಿದೆ. ಬೆಚ್ಚನೆಯ ಹೊಗೆ ಹೊರಕ್ಕೆ ಉಗುಳಿ ಕೊಳವೆಯೊಳಗೆ ಮಸಿ ಕಂಡರೆ ನಾಲಗೆ ಮುರಿದಿದೆ ಅಥವಾ ಅದರಡಿ ಮಸಿ ಕುಳಿತಿದೆ. ಏನೂ ಆಗದಿದ್ದರೆ, ಆ ಕೊಳವೆಯ ಇನ್ನೊಂದು ತುದಿಯಲ್ಲಿ ಯಾರಾದರೂ ಬಿರಡೆ ಜಡಿದಿದ್ದಾರೆಯೇ ಎಂದು ನೋಡಬೇಕು.