‘ಎಂಜಿನ್ ಹೋಯ್ತು’ ಅಂದ್ರೆ ನಂಬೋ ಮೊದಲು: ಹಳೇ ಕಾರಿನ ವಾಲ್ವ್ ಸವೆತ ಗುರುತಿಸೋದು ಹೇಗೆ?

ಕೋಣನಕುಂಟೆಯಲ್ಲಿ ಕೂತು ಈ ಸಂಚಿಕೆ ರೆಕಾರ್ಡ್ ಮಾಡ್ತಿದ್ದೀನಿ. ನಮ್ಮ ಬೀದಿಗಳಲ್ಲಿ ಈಗಲೂ ಅಪ್ಪನ ಕಾಲದ ಮಾರುತಿ 800 ಕಾಣಿಸುತ್ತೆ. 1983ರಲ್ಲಿ ಬಂದ ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅಂದ್ರೆ ತೀರಾ ಕೊನೆಯದಕ್ಕೂ ಹತ್ತು ವರ್ಷ ದಾಟಿದೆ.

ಇಂಥ ಹಳೇ ಗಾಡಿ ಪಿಕಪ್ ಕಳ್ಕೊಂಡು, ಕನಕಪುರ ರಸ್ತೆ ಸಿಗ್ನಲ್‌ನಲ್ಲಿ ಗಡಗಡ ನಡುಗೋಕೆ ಶುರು ಮಾಡಿದ್ರೆ ಎರಡೇ ಸಲಹೆ ಬರುತ್ತೆ. ಒಂದು, “ಎಂಜಿನ್ ಹೋಯ್ತು ಸಾರ್, ಪೂರ್ತಿ ಬಿಚ್ಚಬೇಕು.” ಇನ್ನೊಂದು, “ಗುಜರಿಗೆ ಹಾಕಿಬಿಡಿ.” ಇವೆರಡಕ್ಕೂ ತಲೆಯಾಡಿಸೋ ಮೊದಲು ನೀವು ಕೇಳಬೇಕಾದ್ದು ಇಷ್ಟೇ: ಸವೆದಿರೋದು ವಾಲ್ವಾ, ಪಿಸ್ಟನ್ ರಿಂಗಾ? ವಾಲ್ವ್ ಮಾತ್ರ ಆದ್ರೆ ಮೇಲಿನ ಹೆಡ್ ಬಿಚ್ಚಿದರೆ ಸಾಕು. ರಿಂಗ್, ಬೋರ್ ತನಕ ಹೋಗಿದ್ರೆ ಕೆಲಸ ದೊಡ್ಡದು. ಖರ್ಚಿನಲ್ಲಿ ಅಜಗಜಾಂತರ.

ವಾಲ್ವ್ ಅಂದ್ರೆ ಸಿಲಿಂಡರಿನ ಬಾಗಿಲು. ಒಂದು ಕಡೆ ಗಾಳಿ, ಪೆಟ್ರೋಲ್ ಒಳಗೆ ಬರುತ್ತೆ, ಇನ್ನೊಂದು ಕಡೆ ಹೊಗೆ ಹೊರಗೆ ಹೋಗುತ್ತೆ. ಎಂಜಿನ್ 3000 ಆರ್‌ಪಿಎಂನಲ್ಲಿ ಓಡ್ತಿದ್ರೆ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆಗೆದು ಮುಚ್ಚುತ್ತೆ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಕೂರೋ ಸೀಟನ್ನು ಸವೆತದಿಂದ ಕಾಪಾಡ್ತಿತ್ತು. ಆರೋಗ್ಯಕ್ಕೆ ಅದು ವಿಷ, ಹಾಗಾಗಿ 2000ದಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಅದಕ್ಕೂ ಹಿಂದಿನ ಮೆತ್ತನೆ ಸೀಟಿನ ಎಂಜಿನ್‌ಗಳಲ್ಲಿ ಸವೆತ ಬೇಗ. ಎಲ್‌ಪಿಜಿಗೆ ಬದಲಾಯಿಸಿದ ಹಳೇ ಗಾಡಿಗಳಲ್ಲೂ ಇದೇ ಕಥೆ.

ಈಗ ಪತ್ತೆ ಮಾಡೋದು. ಮೊದಲು ಹೊಗೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ಆಮೇಲೆ ನಿಂತ್ರೆ, ಅಥವಾ ನಂದಿ ಬೆಟ್ಟದಿಂದ ಗೇರ್‌ನಲ್ಲೇ ಇಳಿದು ಬಂದು ಆಕ್ಸಿಲರೇಟರ್ ಒತ್ತಿದಾಗ ಬುಸ್ ಅಂತ ಬಂದ್ರೆ, ವಾಲ್ವ್ ಆಯಿಲ್ ಸೀಲ್ ಅಥವಾ ಗೈಡ್ ಮೇಲೆ ಅನುಮಾನ. ಏರು ಹತ್ತುವಾಗ ಬಿಡದೆ ನೀಲಿ ಹೊಗೆ ಬಂದ್ರೆ ರಿಂಗ್ ಮೇಲೆ.

ಆಮೇಲೆ ಸದ್ದು. ಟಕಟಕ ಅಂದ್ರೆ ಟ್ಯಾಪೆಟ್ ಸಡಿಲ ಇರಬಹುದು. ಆದರೆ ಸದ್ದೇ ಇಲ್ಲ ಅಂತ ಖುಷಿಪಡಬೇಡಿ. ಸೀಟ್ ಸವೆದಂತೆ ವಾಲ್ವ್ ಒಳಗೆ ಇಳಿದು, ಟ್ಯಾಪೆಟ್ ಗ್ಯಾಪ್ ಕಮ್ಮಿಯಾಗುತ್ತೆ. ಎಂಜಿನ್ ತಣ್ಣಗೆ, ಸದ್ದಿಲ್ಲದೆ ಓಡುತ್ತೆ. ಗ್ಯಾಪ್ ಪೂರ್ತಿ ಹೋದ್ಮೇಲೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತೆ. ಅದಕ್ಕೇ ಮೊದಲು ಟ್ಯಾಪೆಟ್ ಚೆಕ್ ಮಾಡಿಸಿ. ಬರೀ ಅದರಿಂದಲೇ ಸರಿಹೋದ್ರೆ ನಿಮ್ಮ ಅದೃಷ್ಟ.

ಇನ್ನೂ ಸರಿಹೋಗದಿದ್ರೆ ಕಂಪ್ರೆಷನ್ ಟೆಸ್ಟ್. ಎಂಜಿನ್ ಬಿಸಿ ಇರಬೇಕು, ಎಲ್ಲಾ ಪ್ಲಗ್ ಬಿಚ್ಚಿರಬೇಕು, ಇಗ್ನಿಷನ್ ಮತ್ತು ಪೆಟ್ರೋಲ್ ಲೈನ್ ಕಟ್ ಮಾಡಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀಬೇಕು. ಉದಾಹರಣೆಗೆ ಮೂರು ಸಿಲಿಂಡರ್‌ಗೆ 150, 145, 85 ಪಿಎಸ್ಐ ಬಂತು ಅನ್ಕೊಳ್ಳಿ. ಮೂರನೆಯದ್ದೇ ತೊಂದರೆ. ಅದರ ಪ್ಲಗ್ ತೂತಿಗೆ ಒಂದು ಚಿಕ್ಕ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೀರಿ. 85 ಇದ್ದದ್ದು 130ಕ್ಕೆ ಏರಿದ್ರೆ ರಿಂಗ್ ಸವೆದಿದೆ, ಆಯಿಲ್ ಆ ಸಂದು ಮುಚ್ತು. ಅಲ್ಲೇ ನಿಂತ್ರೆ ಬಹುಪಾಲು ವಾಲ್ವ್. ಪಕ್ಕಪಕ್ಕದ ಎರಡೂ ಕಮ್ಮಿ ಇದ್ರೆ ಹೆಡ್ ಗ್ಯಾಸ್ಕೆಟ್ ಮೇಲೂ ಕಣ್ಣಿಡಿ.

ಖಚಿತ ಆಗಬೇಕಾ? ಆ ಪಿಸ್ಟನ್ನನ್ನು ಕಂಪ್ರೆಷನ್‌ನ ತುದಿಗೆ ತಂದು ನಿಲ್ಲಿಸಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಿಸಿ, ಕಿವಿ ಕೊಡಿ. ಸೈಲೆನ್ಸರ್‌ನಲ್ಲಿ ಸುಯ್ ಅಂದ್ರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಅಂದ್ರೆ ಇನ್‌ಟೇಕ್ ವಾಲ್ವ್, ಆಯಿಲ್ ಕ್ಯಾಪ್‌ನಲ್ಲಿ ಅಂದ್ರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದ್ರೆ ಗ್ಯಾಸ್ಕೆಟ್.

ವಾಲ್ವ್ ಅಂತ ಗೊತ್ತಾದ್ರೆ ಹೆಡ್ ಲೇತ್‌ಗೆ ಹೋಗುತ್ತೆ, ವಾಲ್ವ್ ಗ್ರೈಂಡಿಂಗ್ ಆಗುತ್ತೆ, ಸವೆದ ಗೈಡ್, ಸೀಲ್ ಬದಲಾಗುತ್ತೆ. ಬಿಡಿಭಾಗ ಹುಡುಕೋಕೆ ಜೆ.ಸಿ. ರಸ್ತೆ ಇದ್ದೇ ಇದೆ.

ಗ್ಯಾರೇಜಿಗೆ ಹೋದಾಗ ಜಗಳ ಬೇಡ. “ಅಣ್ಣಾ, ಹೆಡ್ ಬಿಚ್ಚೋ ಮುಂಚೆ ಕಂಪ್ರೆಷನ್ ನೋಡಿ, ಮೂರೂ ನಂಬರ್ ಬರ್ಕೊಡಿ” ಅನ್ನಿ. ಅದನ್ನ ಫೋನಲ್ಲಿ ಫೋಟೊ ತೆಗೆದಿಟ್ಕೊಳ್ಳಿ. ಇನ್ನೊಬ್ಬ ಮೆಕ್ಯಾನಿಕ್ ಹತ್ರ ಹೋದ್ರೂ ಅದೇ ನಿಮಗೆ ಆಧಾರ. ಮುಂದಿನ ಸಂಚಿಕೆಯಲ್ಲಿ ಸಿಗೋಣ.