ರಿಪೋರ್ಟಿನ ಅಂಕಿಯೂ ಮಗುವಿನ ದಮ್ಮೂ



‘ಮಕ್ಕಳ ಅಲರ್ಜಿ ಮತ್ತು ರಕ್ತಪರೀಕ್ಷೆ’ ಎಂಬ ವಿಷಯ ಕೊಟ್ಟಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಮುಂಬಯಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ 31 ವರ್ಷ ಟೆಕ್ನಿಶಿಯನ್ ಆಗಿದ್ದವಳು. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ರಿಪೋರ್ಟ್ ತಯಾರಿಸುವುದು ನನ್ನ ಕೆಲಸ. ಅದನ್ನು ನೋಡಿ ಔಷಧಿ ಬರೆಯುವುದು ಡಾಕ್ಟರರ ಕೆಲಸ. ಆಸ್ಪತ್ರೆಯಲ್ಲಿ ಒಂದು ದಿನವೂ ಈ ಗೆರೆ ದಾಟದವಳು ನನ್ನ ಮನೆಯಲ್ಲೇ ದಾಟಿದೆ. ಆ ಕತೆಯನ್ನು ಹೇಳದೆ ಈ ವಿಷಯ ಮಾತಾಡುವುದು ಸರಿಯಲ್ಲ ಅನ್ನಿಸಿತು.

ನಮ್ಮ ಮನೆ ಡೊಂಬಿವಲಿಯಲ್ಲಿ. ಹಳೆಯ ಬಿಲ್ಡಿಂಗ್, ಮಳೆಗಾಲ ಬಂತೆಂದರೆ ಒಂದು ಗೋಡೆ ಪೂರಾ ಒದ್ದೆ, ಕಪಾಟಿನ ಹಿಂದೆ ಬೂಷ್ಟು. 2018ರ ಜುಲೈಯಲ್ಲಿ ನನ್ನ ಮಗಳ ಮಗನಿಗೆ ಆರು ವರ್ಷ. ರಾತ್ರಿ ಎರಡು ಗಂಟೆ, ಮೂರು ಗಂಟೆಗೆ ಎದ್ದು ಕೂತು ಕೆಮ್ಮುತ್ತಿದ್ದ. ಎದೆಯಲ್ಲಿ ಸುಂಯ್ ಸುಂಯ್ ಶಬ್ದ. ಬೆಳಿಗ್ಗೆ ಸಾಲು ಸಾಲು ಸೀನು. ಮಕ್ಕಳ ಡಾಕ್ಟರು ಅಸ್ತಮಾ ಎಂದು ಹೇಳಿ ಪಂಪ್ ಮತ್ತು ಸ್ಪೇಸರ್ ಕೊಟ್ಟರು. ಜೊತೆಗೆ ರಕ್ತದಲ್ಲಿ ಐಜಿಇ ನೋಡಲು ಬರೆದರು.

ರಿಪೋರ್ಟ್ ಬಂತು, 840. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ‘ಹೈ’ ಎಂದಿತ್ತು. ಇಂತಹ ಅಂಕಿಗಳನ್ನು ನನ್ನ ಕೈಯಿಂದಲೇ ಎಷ್ಟೋ ಸಲ ಬರೆದಿದ್ದೇನೆ, ಆಗ ಕೈ ನಡುಗಿರಲಿಲ್ಲ. ಮೊಮ್ಮಗನ ಹೆಸರಿನ ಕೆಳಗೆ ಕಂಡಾಗ ನನ್ನ ವಿದ್ಯೆಯೆಲ್ಲ ಮರೆತುಹೋಯಿತು.

ಈ ಐಜಿಇ ಅಂದರೆ ಏನು? ನಮ್ಮ ದೇಹ ತಯಾರಿಸುವ ಒಂದು ಪ್ರೋಟೀನು, ಪ್ರತಿಕಾಯಗಳಲ್ಲಿ ಒಂದು ಜಾತಿ. ಇದರ ಸೋದರ ಐಜಿಜಿ ರಕ್ತದಲ್ಲಿ ಧಾರಾಳ ಇರುತ್ತದೆ, ಐಜಿಇ ಅದಕ್ಕಿಂತ ಹತ್ತಾರು ಸಾವಿರ ಪಟ್ಟು ಕಡಿಮೆ. ಅದಕ್ಕೇ ಅದು ಬಹಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಕಿಮಿಶಿಗೆ ಇಶಿಝಾಕಾ, ತೆರುಕೊ ಇಶಿಝಾಕಾ ಎಂಬ ಜಪಾನೀ ಗಂಡ ಹೆಂಡತಿ ಅದನ್ನು ಗುರುತಿಸಿದರು. ಅಷ್ಟು ಸಣ್ಣ ಪ್ರಮಾಣವನ್ನು ಹಿಡಿಯುವ ಉಪಕರಣ ಆಗ ಇರಲಿಲ್ಲ. ಅಲರ್ಜಿ ಇದ್ದವರ ಸೀರಮ್ಮನ್ನು ತಮ್ಮ ಬೆನ್ನಿನ ಚರ್ಮಕ್ಕೇ ಚುಚ್ಚಿಕೊಂಡು, ಎಲ್ಲಿ ದದ್ದು ಏಳುತ್ತದೆ ಎಂದು ನೋಡಿದರು. ಸ್ವೀಡನ್ನಿನ ಉಪ್ಸಾಲಾದಲ್ಲಿ ಯೊಹಾನ್ಸನ್, ಬೆನ್ನಿಕ್ ಎಂಬವರೂ ಬೇರೆ ದಾರಿಯಿಂದ ಅದೇ ಪ್ರೋಟೀನಿಗೆ ಬಂದು ತಲುಪಿದರು. 1968ರಲ್ಲಿ ಐಜಿಇ ಎಂಬ ಹೆಸರು ನಿಂತಿತು. ಮಹಿಳಾ ವೇದಿಕೆಯಲ್ಲಿ ತೆರುಕೊ ಅವರ ಹೆಸರನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು ಎಂದು ನನ್ನಾಸೆ.

ಐಜಿಇ ಹೋಗಿ ಮೂಗು, ಶ್ವಾಸನಾಳ, ಚರ್ಮದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕೂತಿರುತ್ತದೆ. ಅದಕ್ಕೆ ಗುರುತಿರುವ ಧೂಳೋ ಪರಾಗವೋ ಬಂದು ತಗುಲಿದರೆ ಕೋಶ ಒಡೆದಂತಾಗಿ ಹಿಸ್ಟಮಿನ್ ಮೊದಲಾದವು ಹೊರಗೆ ಬರುತ್ತವೆ. ಸೀನು, ನೀರು, ಬಿಗಿತ, ದಮ್ಮು ಎಲ್ಲ ಆಮೇಲೆ.

ನಾವು ಲ್ಯಾಬಿನಲ್ಲಿ ಅಳೆಯುವ ‘ಟೋಟಲ್ ಐಜಿಇ’ ಇದೆಯಲ್ಲ, ಅದು ಸಭಾಂಗಣದ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಎಣಿಸಿದ ಹಾಗೆ. ಎಷ್ಟು ಜನ ಎಂದು ಅಂದಾಜಾಗುತ್ತದೆ. ಯಾರು ಬಂದಿದ್ದಾರೆ, ಒಳಗೆ ಭಜನೆಯೋ ಜಗಳವೋ, ತಿಳಿಯುವುದಿಲ್ಲ. ಹೊಟ್ಟೆಯಲ್ಲಿ ಜಂತುಹುಳ ಇದ್ದರೂ ಅದು ಏರುತ್ತದೆ, ಚರ್ಮದ ಎಕ್ಸಿಮಾ ಇದ್ದರೂ ಏರುತ್ತದೆ. ಸರಿಯಾದ ಅಸ್ತಮಾ ಇದ್ದೂ ಅಂಕಿ ಮಾಮೂಲಾಗಿರುವ ಮಕ್ಕಳಿದ್ದಾರೆ. ಮಗುವಿನ ವಯಸ್ಸಿನ ಜೊತೆ ಬದಲಾಗುವ ಅಂಕಿ ಇದು, ದೊಡ್ಡವರ ಅಳತೆಗೋಲಿನಲ್ಲಿ ನೋಡಬಾರದು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ನಾನು ಮಾಡಿದ್ದೇನು? ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಪ್ಯಾಕೇಜ್ ನೋಡಿ ಇನ್ನೊಂದು ಕಡೆ ‘ಫುಡ್ ಪ್ಯಾನೆಲ್’ ಮಾಡಿಸಿದೆ. ಬಣ್ಣ ಬಣ್ಣದ ರಿಪೋರ್ಟ್. ಮೊಟ್ಟೆ ಕೆಂಪು, ಹಾಲು ಕೆಂಪು, ಗೋಧಿ ಕೆಂಪು, ನೆಲಗಡಲೆ ಕೆಂಪು. ಅದು ಐಜಿಇ ಅಲ್ಲ, ಐಜಿಜಿ ಎಂದು ಸಣ್ಣ ಅಕ್ಷರದಲ್ಲಿತ್ತು. ನಾವು ತಿನ್ನುವ ಆಹಾರದ ಮೇಲೆ ದೇಹ ಐಜಿಜಿ ಮಾಡುವುದು ಸಹಜ, ‘ಇದನ್ನು ನಾನು ಕಂಡಿದ್ದೇನೆ’ ಎಂದು ಹೇಳುವ ಹಾಗೆ. ಅಲರ್ಜಿ ಹುಡುಕಲು ಈ ಪರೀಕ್ಷೆ ಬೇಡ ಎಂದು ಯುರೋಪ್, ಅಮೆರಿಕದ ಅಲರ್ಜಿ ತಜ್ಞರ ಸಂಘಗಳು ಸ್ಪಷ್ಟವಾಗಿ ಹೇಳಿವೆ. ನಾನು ಮಾತ್ರ ಮನೆಯಲ್ಲಿ ಎಲ್ಲ ನಿಲ್ಲಿಸಿದೆ. ಹೆದರಿಕೆಗೆ ಮೀನನ್ನೂ ಸೇರಿಸಿದೆ. ನಮ್ಮದು ಉಡುಪಿ ಕಡೆಯ ಮನೆ, ಬಂಗುಡೆಯ ಪುಳಿಮುಂಚಿ ಮಾಡಿ ಮಗುವಿಗೆ ಕೊಡದೆ ತಿನ್ನುವುದು ಹೇಗೆ? ಯಾರೂ ತಿನ್ನಲಿಲ್ಲ. ಶಾಲೆಯಲ್ಲಿ ಗೆಳೆಯರ ಹುಟ್ಟುಹಬ್ಬದ ಕೇಕನ್ನು ಅವನು ಕಾಗದದಲ್ಲಿ ಸುತ್ತಿ ಮನೆಗೆ ತಂದು, “ಅಜ್ಜೀ, ನಾನು ತಿನ್ನಲಿಲ್ಲ, ನೋಡಿ” ಎಂದು ತೋರಿಸುತ್ತಿದ್ದ. ಎಂಟು ತಿಂಗಳಲ್ಲಿ ಅವನ ತೂಕ ಒಂದು ಕಿಲೋ ಕೂಡ ಏರಲಿಲ್ಲ.

ಮಳೆ ನಿಂತ ಮೇಲೆ ಕೆಮ್ಮು ತನ್ನಿಂತಾನೇ ಇಳಿಯಿತು. ಪಥ್ಯದಿಂದ ಇಳಿಯಿತು ಅಂದುಕೊಂಡೆ. ಪಂಪ್ ಅಭ್ಯಾಸವಾಗುತ್ತದೆ, ಜನ ನೋಡಿದರೆ ಏನಂದಾರು ಎಂದು ಅದನ್ನು ಡ್ರಾವರಿನಲ್ಲಿಟ್ಟೆ. ಮಗಳು ಡಾಕ್ಟರನ್ನು ಒಮ್ಮೆ ಕೇಳೋಣ ಅಂದಾಗ, “ನನಗೆ ಗೊತ್ತುಂಟು ಮಗಾ, ನೀನು ಸುಮ್ಮನಿರು” ಅಂದೆ.

ಮರುವರ್ಷ ಮೊದಲ ಮಳೆ ಬಿದ್ದು ವಾರವಾಗಿರಲಿಲ್ಲ. ನಡುರಾತ್ರಿ ಹುಡುಗ ನನ್ನನ್ನು ಎಬ್ಬಿಸಿದ. ‘ಅಜ್ಜೀ’ ಎಂದು ಒಂದು ಉಸಿರು, ‘ನೀರು’ ಎಂದು ಇನ್ನೊಂದು ಉಸಿರು. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿತ್ತು. ರಿಕ್ಷಾದಲ್ಲಿ ಆಸ್ಪತ್ರೆಗೆ ಹತ್ತು ನಿಮಿಷ. ಆಮ್ಲಜನಕ, ನೆಬ್ಯುಲೈಸರ್. ಬೆಳಕು ಹರಿಯುವಾಗ ಉಸಿರು ಹಿಡಿತಕ್ಕೆ ಬಂತು.

ಡ್ಯೂಟಿಯಲ್ಲಿದ್ದ ಡಾಕ್ಟರು ನನ್ನ ಮಗಳ ವಯಸ್ಸಿನವರು. ನಾನು ಫೈಲ್ ತೆರೆದು 840 ಎಂದು ತೋರಿಸಿದೆ. ಅವರು ಅದನ್ನು ಪಕ್ಕಕ್ಕಿಟ್ಟು ಕೇಳಿದ್ದು ಎರಡೇ. ಕಳೆದ ತಿಂಗಳು ರಾತ್ರಿ ಎಷ್ಟು ಸಲ ಎದ್ದ? ಪಂಪ್ ನಿಲ್ಲಿಸಿದ್ದು ಯಾರು?

ನಾನೇ ಎಂದೆ.

ಆಮೇಲೆ ಅವರು ಬರೆದದ್ದು ‘ಸ್ಪೆಸಿಫಿಕ್ ಐಜಿಇ’. ಯಾವ ವಸ್ತುವಿನ ಮೇಲೆ ಎಂದು ಬೇರೆ ಬೇರೆಯಾಗಿ ನೋಡುವ ಪರೀಕ್ಷೆ. ಧೂಳುಹುಳ ಮತ್ತು ಜಿರಳೆಗೆ ಬಂತು. ಹಾಲು, ಮೊಟ್ಟೆ, ಗೋಧಿ, ನೆಲಗಡಲೆ, ಮೀನು ಯಾವುದಕ್ಕೂ ಇಲ್ಲ. ಇದಕ್ಕೆ ಖಾಲಿ ಹೊಟ್ಟೆ ಬೇಡ, ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗಿಲ್ಲ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಗಾದರೆ ಕೆಲವು ದಿನ ಮೊದಲೇ ಆ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಇದರಲ್ಲೂ ಒಂದು ಎಚ್ಚರ ಬೇಕು. 0.35 ದಾಟಿದರೆ ಪಾಸಿಟಿವ್ ಎಂದು ಬರೆಯುವ ವಾಡಿಕೆ. ಅದರ ಅರ್ಥ ದೇಹಕ್ಕೆ ಗುರುತು ಇದೆ ಎಂದಷ್ಟೆ. ದಿನಾ ಮೊಟ್ಟೆ ತಿಂದು ಆರಾಮಾಗಿರುವ ಮಗುವಿಗೆ ಅಂಕಿ ನೋಡಿ ಮೊಟ್ಟೆ ಬಿಡಿಸಬಾರದು. ಹಾಗೆಂದು ಆಹಾರದ ಅಲರ್ಜಿ ಸುಳ್ಳಲ್ಲ. ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ತುಟಿ ಊದುವುದು, ಮೈಮೇಲೆ ಪಿತ್ತದ ಗಂಧೆ ಏಳುವುದು, ವಾಂತಿ, ಉಸಿರು ಕಟ್ಟುವುದು ಆದರೆ ಅದು ತಮಾಷೆಯಲ್ಲ, ಕೂಡಲೇ ಆಸ್ಪತ್ರೆಗೆ ಓಡಬೇಕು.

ಇನ್ನೂ ಹೊಸ ಪ್ರೋಟೀನುಗಳ ಹೆಸರು ನೀವು ಇಂಟರ್‌ನೆಟ್ಟಿನಲ್ಲಿ ಓದಿರಬಹುದು. ಪೆರಿಯೋಸ್ಟಿನ್ ಎಂಬುದೊಂದು, ದೊಡ್ಡವರ ಅಸ್ತಮಾದಲ್ಲಿ ಸ್ವಲ್ಪ ಸುಳಿವು ಕೊಡುತ್ತದೆ. ಮಕ್ಕಳಲ್ಲಿ ಕಷ್ಟ, ಏಕೆಂದರೆ ಬೆಳೆಯುವ ಎಲುಬೂ ಅದನ್ನು ಬಿಡುತ್ತದೆ. ಇಸಿಪಿ ಎಂಬುದು ಇಯೋಸಿನೋಫಿಲ್ ಕೋಶಗಳಿಂದ ಬರುವ ಪ್ರೋಟೀನು. ರಕ್ತ ಟ್ಯೂಬಿನಲ್ಲಿ ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಕೂತಿತ್ತು ಎಂಬುದರ ಮೇಲೆ ಅದರ ಅಂಕಿಯೇ ಬದಲಾಗುತ್ತದೆ. ಕಲ್ಯಾಣದಲ್ಲಿ ತೆಗೆದ ರಕ್ತ ಮೇ ತಿಂಗಳ ಬಿಸಿಲಲ್ಲಿ ಬೈಕ್ ಮೇಲೆ ಬರುವುದನ್ನು ಕಂಡವಳಿಗೆ ಇದು ಬೇಗ ಅರ್ಥವಾಗುತ್ತದೆ.

2025ರಲ್ಲಿ ದಾದರಿನ ಕಬೂತರ್ ಖಾನಾ ಮುಚ್ಚಿದ ಗಲಾಟೆಯಾದಾಗ ನಮ್ಮ ಸೊಸೈಟಿಯವರು ಪಾರಿವಾಳಕ್ಕೆ ಐಜಿಇ ಮಾಡಿಸಬೇಕಾ ಎಂದು ಕೇಳಿದರು. ಪಾರಿವಾಳದ ಹಿಕ್ಕೆ, ಪುಕ್ಕದಿಂದ ಬರುವ ಶ್ವಾಸಕೋಶದ ಆ ಕಾಯಿಲೆ ಬೇರೆ ಜಾತಿಯದು, ಅದರಲ್ಲಿ ಐಜಿಇ ಮಾಮೂಲಾಗಿಯೇ ಇರಬಹುದು. ಅದಕ್ಕೆ ಎದೆಯ ಡಾಕ್ಟರನ್ನೇ ನೋಡಬೇಕು.

ನಮ್ಮ ಮನೆಯಲ್ಲಿ ಆಮೇಲೆ ಸೋರುವ ಪೈಪ್ ರಿಪೇರಿಯಾಯಿತು. ಹತ್ತಿಯ ಹಾಸಿಗೆ ಹೋಯಿತು, ಹಾಸಿಗೆ ಬಟ್ಟೆಗೆ ವಾರಕ್ಕೊಮ್ಮೆ ಬಿಸಿನೀರು. ಅಗರಬತ್ತಿ, ಸೊಳ್ಳೆ ಬತ್ತಿ ಬಂದ್. ದೇವರಿಗೆ ದೀಪ ಸಾಕು. ಪಂಪ್ ದಿನಾ, ಬಾಯಿ ಮುಕ್ಕಳಿಸಿ. ಸ್ಟಿರಾಯ್ಡ್ ಎಂದು ಹೆದರುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಪಂಪಿನಲ್ಲಿ ಅದು ಮೈಕ್ರೋಗ್ರಾಂನಲ್ಲಿರುತ್ತದೆ. ಪಂಪ್ ಬಿಟ್ಟು ದಮ್ಮು ಹೆಚ್ಚಾದಾಗ ಬಾಯಿಗೆ ಕೊಡುವ ಸ್ಟಿರಾಯ್ಡ್ ಮಿಲಿಗ್ರಾಂನಲ್ಲಿ. ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೋಗ್ರಾಂ. ಹೆಣ್ಣುಮಗುವಾದರೆ ಮದುವೆಗೆ ತೊಂದರೆ ಎಂದು ಪಂಪ್ ಮುಚ್ಚಿಡುವ ತಾಯಂದಿರು ಈ ಸಭೆಯಲ್ಲೂ ಇರಬಹುದು. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ.

ಹುಡುಗನಿಗೆ ಈಗ ಹದಿಮೂರು. ಹೋದ ವರ್ಷ ಬೇರೆ ಕಾರಣಕ್ಕೆ ರಕ್ತ ಕೊಟ್ಟಾಗ ಐಜಿಇ 910 ಬಂತು, ಮೊದಲಿಗಿಂತ ಜಾಸ್ತಿ. ಎರಡು ಮಳೆಗಾಲದಿಂದ ಅವನು ರಾತ್ರಿ ಎದ್ದಿಲ್ಲ. ಬಂಗುಡೆ ಒಂದು ಸಾಲದು, ಎರಡು ಬೇಕು.

ರಿಪೋರ್ಟ್ ತಂದಿರುವವರು ಊಟದ ಹೊತ್ತಿಗೆ ನನ್ನ ಹತ್ತಿರ ಬನ್ನಿ. ಯಾವ ಪರೀಕ್ಷೆ, ಯಾವ ಅಂಕಿ ಎಂದು ಬಿಡಿಸಿ ಹೇಳಬಲ್ಲೆ, ಔಷಧಿ ಮಾತ್ರ ಕೇಳಬೇಡಿ. ಬರುವಾಗ ಮಗು ಕಳೆದ ತಿಂಗಳು ಎಷ್ಟು ರಾತ್ರಿ ಎದ್ದಿತ್ತು ಎಂದು ನೆನಪು ಮಾಡಿಕೊಂಡು ಬನ್ನಿ.